ಕಾಡಿಗೆಯ ಮೇಲೆ ಹೊರಿಸಿದ ತಪ್ಪು

ಮಾನ್ಯ ಅಧ್ಯಕ್ಷರೇ, ಅತಿಥಿಗಳೇ, ಗ್ರಾಂಟ್ ರೋಡಿನಿಂದ ಈ ಅಂಧೇರಿಯವರೆಗೆ ಲೋಕಲ್‌ನಲ್ಲಿ ನಿಂತುಕೊಂಡೇ ಬಂದಿರುವ ಸಭಿಕರೇ,

ಕಣ್ಣಿನ ಡಾಕ್ಟರಾಗಿ ಮೂವತ್ತು ವರ್ಷ ದುಡಿದನೆಂದು ಶಾಲು ಹೊದಿಸಿದ್ದೀರಿ. ಮೇ ತಿಂಗಳ ಮುಂಬಯಿಯಲ್ಲಿ ಶಾಲು! ಇದೂ ಒಂದು ಚಿಕಿತ್ಸೆಯೇ ಇರಬೇಕು. ಸನ್ಮಾನಪತ್ರದಲ್ಲಿ ‘ಹಸುಗೂಸಿಗೆ ದೃಷ್ಟಿ ಕೊಟ್ಟ ವೆಂಕಟಸುಬ್ಬಯ್ಯನವರು’ ಎಂದು ಬರೆದಿದ್ದೀರಿ. ಎಷ್ಟು ದೃಷ್ಟಿ ಕೊಟ್ಟೆ? ಯಾರಾದರೂ ಕೇಳಿದಿರಾ? ದಣಿದಿದ್ದೇನೆ ಮಹನೀಯರೇ, ಇನ್ನು ಸುಳ್ಳು ಹೊರಲಾರೆ.

ಆರು ವರ್ಷದ ಕೆಳಗೆ, ಎಪ್ಪತ್ಮೂರರಲ್ಲಿ, ಕಟ್ಟಡದ ಕೆಲಸ ಮಾಡುವ ಗುರುಬಾಯಿಗೆ ಏಳು ತಿಂಗಳಿಗೇ ಹೆಣ್ಣು ಕೂಸು ಹುಟ್ಟಿತು. ಅದು ಬದುಕಲೆಂದು ಆಮ್ಲಜನಕ ಕೊಟ್ಟೆವು. ಅದೇ ಆಮ್ಲಜನಕ ಎಳೆಯ ಕಣ್ಣುಗಳ ಒಳಪರದೆ ಕೆಡಿಸತೊಡಗಿತು. ಮಂಜಿಗಿಂತ ತಣ್ಣಗಿನ ಸಲಾಕೆಯನ್ನು ಕಣ್ಣಿಗೆ ಮುಟ್ಟಿಸುವ ಚಿಕಿತ್ಸೆ ಆಗ ಹೊಸದು. ಮಾಡಿದೆ. ಬಲಗಣ್ಣು ಉಳಿಯಿತು. ಎಡಗಣ್ಣಿಗೆ ಸಲಾಕೆಯನ್ನು ಹೆಚ್ಚು ಹೊತ್ತು ಹಿಡಿದೆ. ಒಳಗೆ ರಕ್ತಸ್ರಾವವಾಗಿ ಕಣ್ಣು ಹೋಯಿತು.

ವಾರದ ಮೇಲೆ ಆಕೆ ಕೂಸನ್ನು ತೋರಿಸಲು ತಂದಾಗ ರೆಪ್ಪೆಗೆ ಕಾಡಿಗೆಯಿತ್ತು. ಯಾವ ತಾಯಿ ಹಚ್ಚುವುದಿಲ್ಲ ಹೇಳಿ? ನಂಜನಗೂಡಿನಲ್ಲಿ ನಮ್ಮಮ್ಮ ಹರಳೆಣ್ಣೆ ದೀಪದ ಮೇಲೆ ತಟ್ಟೆ ಕವುಚಿ ಕಾಡಿಗೆ ಹಿಡಿದು, ‘ನನ್ನ ಕಂದನಿಗೆ ಯಾರ ಕಣ್ಣೂ ತಾಗದಿರಲಿ’ ಎಂದು ಹಚ್ಚುತ್ತಿದ್ದಳು. ಅಂಥವಳ ಮಗ ನಾನು ಗದರಿದೆ: ‘ಕಾಡಿಗೆ ಹಚ್ಚಿ ಮಗುವಿನ ಕಣ್ಣು ಕಳೆದೆಯಲ್ಲಮ್ಮ!’ ಏಕೆ ಹಾಗಂದೆ? ಹೆದರಿದ್ದೆ. ಹೆಸರು ಕೆಡುತ್ತದೆಂದು ಹೆದರಿದ್ದೆ, ಅಷ್ಟೇ.

ಹೋದ ವಾರ ಗುರುಬಾಯಿ ಆ ಮಗಳನ್ನು ಶಾಲೆಗೆ ಸೇರಿಸಲು ಕಣ್ಣಿನ ಸರ್ಟಿಫಿಕೇಟಿಗೆಂದು ಬಂದಿದ್ದಳು. ‘ಆಮ್ಯಾಲಿನ ಎರಡೂ ಕೂಸಿಗೆ ಕಾಡಿಗಿ ಮುಟ್ಟಿಸಿಲ್ರಿ ಸಾಹೇಬ್ರ. ನಮ್ಮತ್ತಿ ಇವತ್ತಿಗೂ ನನಗ ಕೂಸಿನ ಕಣ್ಣ ತಿಂದಾಕಿ ಅಂತಾಳ್ರಿ. ಖರೇನ ಐತಲ್ರಿ’ ಎಂದಳು. ಆರು ವರ್ಷ, ಸಭಿಕರೇ! ಆಗಲೂ ನಾನು ಸಹಿ ಹಾಕಿ ಸುಮ್ಮನೆ ಕಳುಹಿಸಿದೆ.

ಇವತ್ತು ನನಗೆ ಹಾರ ಹಾಕಿಸಲು ಅವಳನ್ನೇ ಕರೆಸಿದ್ದೀರಿ. ಪಕ್ಕದಲ್ಲಿ ಗಂಡ ಖಂಡಪ್ಪ, ಅತ್ತೆ ಸೋಮವ್ವ ಕೂತಿದ್ದಾರೆ. ಸೋಮವ್ವನವರೇ, ಕೇಳಿ. ನಿಮ್ಮ ಸೊಸೆ ಕಾಡಿಗೆ ಹಚ್ಚುವ ಮೊದಲೇ ಆ ಕಣ್ಣು ಹೋಗಿತ್ತು. ಕಳೆದವನು ನಾನು.

ಗುರುಬಾಯಿ, ಹಾರ ಕೆಳಗಿಡಮ್ಮ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಕೂತು ಕೇಳಿದೆಯಲ್ಲ, ಅದಕ್ಕೆ ಋಣಿ. ಎಲ್ಲರಿಗೂ ವಂದನೆ, ನಮಸ್ಕಾರ.