‘ಅವನು’ ಅಂತ ಓದಿಕೊಳ್ಳಿ

“ನಾ ‘ಅವನು’ ಅಂತ ಬರದಿದ್ದೆ. ‘ಅವಳು’ ಅಂತ ತಿದ್ದಾಕ ನಿಮಗ ಯಾರ್ ಹೇಳಿದ್ರು?”

“ಅಲ್ಲೋ ಮಾರಾಯಾ, ಸತ್ತ ಹೇಂತಿ ಬಗ್ಗೆ ಬರದೀ. ದುಃಖದಾಗ ಅಕ್ಷರ ತಪ್ಪ್ಯಾವ ಅಂತ ನಾನೇ ಕುಂತು ಎಲ್ಲಾ ಕಡೆ ತಿದ್ದೀನಿ. ಉಪಕಾರ ಮಾಡಿದವರ ಮ್ಯಾಲೆ ಹಾರಾಡ್ತೀಯಲ್ಲ!”

“ಹೇಂತಿ ಅಂತ ಎಲ್ಲಿ ಬರದೀನ್ರಿ? ತೋರಸ್ರಿ!”

ನೋಡಿ, ಒಂದೂರಲ್ಲಿ ಒಂದು ಚರ್ಚು, ಆ ಚರ್ಚಿಗೊಂದು ಮಾಸಪತ್ರಿಕೆ, ಆ ಪತ್ರಿಕೆ ನೋಡಿಕೊಳ್ಳಲು ಒಬ್ಬ ಹಿರಿಯರು. ಅವರ ಮನೆಯ ಕಟ್ಟೆಯ ಮೇಲೆ ನಡೆದ ಜಗಳ ಇದು. ಜಗಳಕ್ಕೆ ಬಂದವನು ಒಬ್ಬ ದರ್ಜಿ. ಬೇರೆ ಊರಿನಿಂದ ಬಂದು ಎರಡು ವರ್ಷವಾಗಿತ್ತು. ಒಂಟಿ ಮನುಷ್ಯ. ಹೆಂಡತಿ ತೀರಿಹೋಗಿರಬೇಕು ಎಂದು ಜನ ತಾವೇ ಅಂದುಕೊಂಡರು. ಕೇಳಿದವರು ಯಾರು? ಯಾರೂ ಇಲ್ಲ.

ನಿನ್ನದೊಂದು ಸಾಕ್ಷಿ ಬರೆದುಕೊಡು ಎಂದು ಮೊದಲು ಕೇಳಿದವರೇ ಆ ಹಿರಿಯರು. ದೇವರು ನನ್ನ ಬಾಳಿನಲ್ಲಿ ಏನು ಮಾಡಿದ ಎಂದು ಹೇಳುವ ಸಾಕ್ಷಿ, ನಿಮಗೆ ಗೊತ್ತಿರುವುದೇ. ದರ್ಜಿ ಬರೆದ. ಇಪ್ಪತ್ತೊಂದು ವರ್ಷ ಒಂದೇ ಸೂರಿನ ಕೆಳಗೆ ಜೊತೆಗೆ ಬಾಳಿದ ಜೀವ ಕಾಯಿಲೆ ಬಿದ್ದದ್ದು, ಗಂಜಿ ಕುಡಿಸಿದ್ದು, ಬೆನ್ನಿಗೆ ಹುಣ್ಣಾಗದಂತೆ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿದ್ದು, ಕಾಲುಗುರು ತೆಗೆಯುವಾಗ ರಕ್ತ ಬಂದು ತಾನೇ ಅತ್ತದ್ದು. ಸಾಯುವ ದಿನವೂ ಆ ಜೀವ, “ನೀ ಉಂಡ್ಯಾ?” ಎಂದು ಕೇಳಿದ್ದು. ಇಷ್ಟೇ.

ಅಚ್ಚಾದದ್ದು ‘ಅವಳು’ ಎಂದು. ಓದಿದವರು ಅತ್ತರು. ಮಹಿಳಾ ಕೂಟದಲ್ಲಿ ಒಬ್ಬ ಅಮ್ಮ ಗಟ್ಟಿಯಾಗಿ ಓದಲು ಹೋಗಿ ಅರ್ಧಕ್ಕೇ ನಿಲ್ಲಿಸಿ ಸೆರಗಿನಿಂದ ಕಣ್ಣೊರೆಸಿಕೊಂಡರು. “ಇಂಥಾ ಗಂಡ ಎಷ್ಟ್ ಮಂದಿಗೆ ಸಿಕ್ಕಾನ ಹೇಳವಾ?” ಎಂದರು. ದರ್ಜಿಯ ಬಾಗಿಲಿಗೆ ರೊಟ್ಟಿ, ಪಲ್ಯ ಬಂದವು.

ಸುಮ್ಮನಿರಬಹುದಿತ್ತಲ್ಲ? ಉಂಡು, ಕೈ ತೊಳೆದು, ಸುಮ್ಮನಿರಬಹುದಿತ್ತಲ್ಲ? ಅವನಿಂದ ಆಗಲಿಲ್ಲ. ಇಪ್ಪತ್ತೊಂದು ವರ್ಷ ಜೊತೆಗಿದ್ದವನನ್ನು ಅವನ ಸಾವಿನ ಕಥೆಯಿಂದಲೇ ಹೊರಗೆ ಹಾಕಿದ್ದರು. ಊರೆಲ್ಲ ಅತ್ತದ್ದು ಹುಟ್ಟೇ ಇರದ ಯಾವಳೋ ಹೆಂಗಸಿಗೆ. ಸತ್ತವನಿಗೆ ಒಂದು ಹನಿಯೂ ಇಲ್ಲ. ಅದಕ್ಕೇ ತಿದ್ದುಪಡಿ ಹಾಕಿರಿ ಎಂದು ಬಂದಿದ್ದ.

“ಹಾಕೂದಿಲ್ಲ” ಎಂದರು ಹಿರಿಯರು. “ನಮ್ಮ ಪತ್ರಿಕಿ ಮನಿ ಮಂದಿ ಓದೂದೈತಿ.”

ಮುಂದಿನ ಭಾನುವಾರ ಆರಾಧನೆಯ ನಡುವೆ ದರ್ಜಿಯೇ ಎದ್ದು ನಿಂತ. “ಆ ಬರಹದಾಗ ‘ಅವಳು’ ಅಂತ ಇದ್ದಲ್ಲೆಲ್ಲ ‘ಅವನು’ ಅಂತ ಓದ್ಕೊರಿ. ಮತ್ತೇನೂ ಬದ್ಲಿ ಮಾಡೂದು ಬ್ಯಾಡ” ಎಂದ.

ಕಣ್ಣೊರೆಸಿಕೊಂಡಿದ್ದರಲ್ಲ, ಅದೇ ಅಮ್ಮ, “ಯವ್ವಾ, ಇದಕ್ಕ ನಾ ಅತ್ತೆನಾ?” ಎಂದು ಸೆರಗಿನಿಂದ ಬಾಯಿ ಒರೆಸಿಕೊಂಡರು. ಹಿಂದಿನ ಬೆಂಚಿನಿಂದ ಒಬ್ಬ, “ಟೇಲರ್ ಅಣ್ಣಾ, ಇನ್ನೂ ಯಾರ್ ಯಾರ್ ಅಳತಿ ತಗೊಂಡೀಯಪಾ?” ಎಂದು ಕೂಗಿದ. ಜನ ನಕ್ಕರು.

ಈ ಸಭೆಯಲ್ಲಿಯೂ ಒಬ್ಬಿಬ್ಬರು ಈಗ ನಕ್ಕಿರಿ. ನಾನು ನೋಡಿದೆ.

ತಲೆ ಬಗ್ಗಿಸಬೇಡಿ, ನನ್ನ ಕಡೆ ನೋಡಿ. ಅವನು ಬರೆದದ್ದರಲ್ಲಿ ಹೊಲಸು ಎಲ್ಲಿತ್ತು? ಗಂಜಿ ಇತ್ತು, ಹುಣ್ಣಿತ್ತು, ಉಗುರಿತ್ತು. ಒಂದು ಅಕ್ಷರ ತಿರುಗಿದ್ದೇ ತಡ, ಎಲ್ಲರ ತಲೆಯೂ ನೇರ ಮಲಗುವ ಕೋಣೆಗೆ ಹೋಯಿತಲ್ಲ, ಅಲ್ಲಿಗೆ ಕರೆದುಕೊಂಡು ಹೋದವರು ಯಾರು? ಹಿಂದಿನ ತಿಂಗಳು ಅದೇ ಪತ್ರಿಕೆಯಲ್ಲಿ ಒಬ್ಬ ಕುಡುಕ ಸಾಕ್ಷಿ ಬರೆದಿದ್ದ. ಹೆಂಡತಿಯ ಕೈ ಮುರಿದೆ ಎಂದು ಬರೆದಿದ್ದ. ಅವನ ಬೆನ್ನು ತಟ್ಟಿದರು. ಕೈ ಮುರಿದವನ ಕಥೆ ಮನೆಮಂದಿ ಕೂತು ಓದಬಹುದು, ಗಂಜಿ ಕುಡಿಸಿದವನ ಕಥೆ ಓದಬಾರದು. ಇದು ಯಾವ ನ್ಯಾಯ? ಹೇಳಿ, ಯಾವ ನ್ಯಾಯ?

ಇವತ್ತು ಮನೆಗೆ ಹೋಗಿ ಇದನ್ನು ಮಾಡಿ. ಯಾರಾದರೂ ತಮ್ಮ ಬಾಳಿನ ಕಥೆ ಹೇಳಿದರೆ, ಬರೆದು ಕೈಗೆ ಕೊಟ್ಟರೆ, ಅವರು ಬರೆದಷ್ಟನ್ನು ಓದಿ. ಬರೆಯದೆ ಬಿಟ್ಟದ್ದನ್ನು ನಿಮ್ಮ ತಲೆಯೊಳಗಿಂದ ತಂದು ಸೇರಿಸಬೇಡಿ. ಸೇರಿಸಿ, ಮೊಬೈಲಿನಲ್ಲಿ ನಾಲ್ಕು ಮಂದಿಗೆ ಕಳಿಸಬೇಡಿ. ಅಳು ಬಂದರೆ ಅಳಿ. ಅತ್ತ ಮೇಲೆ ಸತ್ತವರು ಗಂಡೋ ಹೆಣ್ಣೋ ಎಂದು ತಿಳಿದು ಆ ಕಣ್ಣೀರನ್ನು ವಾಪಸು ಕೇಳಬೇಡಿ. ನಿಮ್ಮ ಮಗನೋ ಮಗಳೋ ಏನೋ ಹೇಳಬೇಕೆಂದು ಬಾಗಿಲ ಬಳಿ ನಿಂತಿದ್ದರೆ, ಟಿವಿ ಆರಿಸಿ. ಬಾಯಿ ಮುಚ್ಚಿಕೊಂಡು ಕೇಳಿ.

ಆ ದರ್ಜಿ ನಗು ನಿಲ್ಲುವವರೆಗೂ ನಿಂತೇ ಇದ್ದ. ಯಾರಾದರೂ ಒಬ್ಬರು ‘ಕೂತ್ಕೋಪಾ’ ಅನ್ನುತ್ತಾರೇನೋ ಎಂದು ಸುತ್ತ ನೋಡಿದ. ಯಾರೂ ಅನ್ನಲಿಲ್ಲ. ಆರಾಧನೆ ನಡೆಸುತ್ತಿದ್ದ ಸಭಾಪಾಲಕರು ಕೆಮ್ಮಿ ಮುಂದಿನ ಹಾಡಿನ ಸಂಖ್ಯೆ ಹೇಳಿದರು. ಜನ ಪುಸ್ತಕ ತೆರೆದರು. ಎರಡನೇ ಚರಣಕ್ಕೆ ಬರುವಷ್ಟರಲ್ಲಿ ಅವನು ಚಪ್ಪಲಿ ಮೆಟ್ಟಿ ಗೇಟು ದಾಟಿದ್ದ. ಆ ವಾರವೇ ಊರು ಬಿಟ್ಟ. ಮತ್ತೆ ಅಲ್ಲಿಗೆ ಬರಲಿಲ್ಲ.