ಅಕ್ಕಿಯಲ್ಲಿ ಬರೆದ ಹೆಸರು, ಪಾಸ್‌ಪೋರ್ಟಿನ ಹೆಸರು

ನೋಡಿ ತಾಯಂದಿರೇ, ಅಣ್ಣಂದಿರೇ, ಒಬ್ಬ ಸಿರಿವಂತನಿದ್ದ. ಯಾವ ಊರು ಎಂದು ಕೇಳಬೇಡಿ, ಇಂಥವರು ಎಲ್ಲ ಊರಲ್ಲೂ ಇರುತ್ತಾರೆ. ಕಬ್ಬಿಣದ ವ್ಯಾಪಾರ, ಎರಡು ಅಂತಸ್ತಿನ ಮನೆ, ಎದುರಾಡದ ಹೆಂಡತಿ. ಒಬ್ಬಳೇ ಮಗಳು, ಗಂಡನ ಜೊತೆ ಕೊಲ್ಲಿಯ ಒಂದು ದೇಶದಲ್ಲಿದ್ದಳು. ಆಕೆಗೆ ಒಂಬತ್ತನೇ ತಿಂಗಳು ಬಂದದ್ದು ಆ ಕೊರೊನಾ ಕಾಯಿಲೆಯ ಕಾಲದಲ್ಲಿ.

ನಿಮಗೆ ನೆನಪಿದೆಯಲ್ಲ? ಸೋಮವಾರ ಒಂದು ನಿಯಮ, ಬುಧವಾರ ಇನ್ನೊಂದು. ತೊಂಬತ್ತಾರು ಗಂಟೆಯೊಳಗಿನ ಪರೀಕ್ಷೆಯ ವರದಿ ಸಾಕು ಅಂದವರೇ ಮರುದಿನ ಎಪ್ಪತ್ತೆರಡು ಅಂದರು. ಇವತ್ತು ಬಾಗಿಲು ತೆರೆದ ದೇಶ ನಾಳೆ ಹಾಕುತ್ತಿತ್ತು. ಯಾರನ್ನು ಕೇಳಬೇಕು? ಫೋನು ಎತ್ತುವವರೇ ಇಲ್ಲ.

ಮಗಳು ಅಳುತ್ತಾ ಫೋನು ಮಾಡಿದಳು. "ಅವ್ವಾ, ಹೆರಿಗಿ ಹೊತ್ತಿನಾಗ ಗಂಡಸರನ್ನ ಒಳಗ ಬಿಡಂಗಿಲ್ಲಂತ. ಒಬ್ಬ ಹೆಂಗಸಿಗಷ್ಟ ಬಿಡ್ತಾರಂತ. ನೀ ಬಾ."

ತಾಯಿ ಬಾಣಂತಿಗೆಂದು ಅಂಟಿನುಂಡಿ ಕಟ್ಟಿದಳು. ಹಳೆಯ ಮೆತ್ತನೆಯ ಸೀರೆ ಹರಿದು ಕೂಸಿಗೆ ಕುಲಾವಿ ಹೊಲಿದಳು. ಕಾಗದಪತ್ರದ ಕೆಲಸ ತನ್ನದು ಎಂದ ಯಜಮಾನ. ವ್ಯವಹಾರಸ್ಥನಲ್ಲವೇ, ಹೆಂಗಸರಿಗೆ ಅದೆಲ್ಲ ಹೇಗೆ ತಿಳಿಯಬೇಕು!

ಮೂಗಿನೊಳಗೆ ಕಡ್ಡಿ ಹಾಕಿಸಿಕೊಳ್ಳಲು ಇಬ್ಬರೂ ಲ್ಯಾಬಿಗೆ ಹೋದರು. ಅಲ್ಲಿ ಒಂದು ಫಾರಂ ಕೊಟ್ಟರು. ತನ್ನ ಹೆಸರು, ತಂದೆಯ ಹೆಸರು, ಮನೆತನದ ಹೆಸರು ಎಲ್ಲ ದುಂಡಗೆ ಬರೆದ. ಹೆಂಡತಿಯ ಹೆಸರು ಬರೆಯುವ ಜಾಗದಲ್ಲಿ ಪೆನ್ನು ನಿಂತಿತು. ಯಾಕೆ ನಿಂತಿತು ಹೇಳಿ? ಮೂವತ್ತೊಂದು ವರ್ಷದಲ್ಲಿ ಆತ ಆಕೆಯನ್ನು ಹೆಸರಿಟ್ಟು ಕರೆದಿದ್ದರೆ ತಾನೆ! ಊಟ ಬೇಕಾದರೂ "ಕೇಳಿದೇನ", ಚಪ್ಪಲಿ ಕಾಣದಿದ್ದರೂ "ಕೇಳಿದೇನ". ಕೇಳಿದೇನ, ಕೇಳಿದೇನ ಎನ್ನುತ್ತಲೇ ಬಂದವನು ಆಕೆಯನ್ನು ಒಂದು ಮಾತೂ ಕೇಳಿದವನಲ್ಲ.

ಆಕೆ ನಾಲ್ಕು ಕುರ್ಚಿ ಆಚೆಗೇ ಕೂತಿದ್ದಳು. ಕೇಳಿದರೆ ಮುಗಿಯುತ್ತಿತ್ತು. ಆದರೆ ನಾಲ್ಕು ಜನರ ಮುಂದೆ ಹೆಂಡತಿಗೆ ನಿನ್ನ ಹೆಸರೇನು ಎಂದು ಕೇಳುವುದೇ? ಮದುವೆಯ ದಿನ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ತಾನೇ ಬರೆದ ಹೊಸ ಹೆಸರು ನೆನಪಾಯಿತು. ಅದನ್ನೇ ಬರೆದ. ಮಂದಾಕಿನಿ.

"ಏನ್ರೀ, ನನ್ನ ಹೆಸರು..." ಎಂದು ಆಕೆ ಬಾಯಿ ತೆರೆದಳು.

"ಬರದೀನಿ, ಬರದೀನಿ. ಸುಮ್ಮನ ಕೂಡು."

ಸುಮ್ಮನೆ ಕೂತಳು.

ವಿಮಾನ ನಿಲ್ದಾಣದಲ್ಲಿ ಕೌಂಟರಿನ ಹುಡುಗಿ ವರದಿ ನೋಡಿದಳು, ಪಾಸ್‌ಪೋರ್ಟು ನೋಡಿದಳು, ಮತ್ತೆ ವರದಿ ನೋಡಿದಳು. ಪಾಸ್‌ಪೋರ್ಟು, ಟಿಕೆಟ್ಟು ಎರಡನ್ನೂ ಏಜೆಂಟನೇ ಶಾಲೆಯ ದಾಖಲೆಯ ಮೇಲೆ ಮಾಡಿಸಿದ್ದ. ಅವುಗಳಲ್ಲಿದ್ದ ಹೆಸರೇ ಬೇರೆ.

"ಸರ್, ಇವರ ಹೆಸರೇನು?"

"ಅಲ್ಲೇ ಬರದದಲ್ಲ."

"ಎರಡು ಕಡೆ ಎರಡು ಬರೆದಿದೆ ಸರ್. ಯಾವುದು ಇವರದು?"

ಆತ ರೇಗಿದ. ದೊಡ್ಡವರ ಹೆಸರುಗಳನ್ನೆಲ್ಲ ಒಂದೊಂದಾಗಿ ಹೇಳಿದ. ಅವರ ಹೆಸರು ಪೂರ್ತಿ ಬರುತ್ತಿತ್ತು, ನೋಡಿ. ಕೊನೆಗೆ ಆಕೆಯೇ ಮಾಸ್ಕು ಇಳಿಸಿ ಹೇಳಿದಳು: "ಅಂಬುಜಾ ಅಂತ್ರೀ. ನಮ್ಮವ್ವ ಇಟ್ಟ ಹೆಸರು."

ಹುಡುಗಿಗೂ ಕೆಡುಕೆನಿಸಿತು. ಆದರೆ ಆ ಹೆಸರಿನಲ್ಲಿ ವರದಿ ಇರಲಿಲ್ಲ. ತಾವು ಬೇಕಾದರೆ ಹೋಗಬಹುದು ಸರ್, ನಿಮ್ಮದು ಸರಿಯಿದೆ ಎಂದಳು. ಹೋಗಿ ಆತ ಏನು ಮಾಡಬೇಕಿತ್ತು? ವಿಮಾನ ಹೋಯಿತು. ಮತ್ತೆ ಕಡ್ಡಿ, ಮತ್ತೆ ಫಾರಂ. ಮರುದಿನ ಹತ್ತು ಗಂಟೆಗೆ ಸರಿಯಾದ ಹೆಸರಿನ ವರದಿ ಕೈಗೆ ಬಂತು. ಮಧ್ಯಾಹ್ನ ಆ ದೇಶ ನಮ್ಮ ಕಡೆಯ ವಿಮಾನಗಳನ್ನೆಲ್ಲ ನಿಲ್ಲಿಸಿತು.

ನಾಲ್ಕನೇ ದಿನ ಮಗಳು ಹೆತ್ತಳು. ಕೈ ಹಿಡಿದುಕೊಂಡವಳು ಗುರುತಿಲ್ಲದ ಒಬ್ಬ ನರ್ಸು. ಕೂಸಿನ ಅಳುವನ್ನು ಅಜ್ಜಿ ಫೋನಿನಲ್ಲಿ ಕೇಳಿದಳು.

ಅವತ್ತು ಸಂಜೆ ಆತ ಅಡುಗೆಮನೆಯ ಬಾಗಿಲಲ್ಲಿ ನಿಂತು ಕರೆದ. "ಅಂಬುಜಾ."

ಆಕೆ ರೊಟ್ಟಿ ಬಡಿಯುತ್ತಲೇ ಇದ್ದಳು, ತಿರುಗಲಿಲ್ಲ. ಸಿಟ್ಟಲ್ಲ, ತಾಯಂದಿರೇ. ಕರೆದದ್ದು ತನ್ನನ್ನು ಎಂದು ಆಕೆಗೆ ಗೊತ್ತಾಗಲಿಲ್ಲ.

ಗಡಿ ಮುಚ್ಚಿದವರನ್ನು ಬೈಯಬೇಕೆ? ಬೈಯಿರಿ, ನಾನೂ ಬೈದಿದ್ದೇನೆ. ಆದರೆ ಕೈಯಲ್ಲಿದ್ದ ಆ ಒಂದು ದಿನವನ್ನು ಕಳೆದವರು ಯಾರು? ಅಣ್ಣಂದಿರೇ, ಇವತ್ತು ಬೆಳಿಗ್ಗೆ ವಿಷ್ಣುಸಹಸ್ರನಾಮ ಹೇಳಿ ಬಂದಿದ್ದೀರಿ. ಸಾವಿರ ಹೆಸರು, ಒಂದೂ ತಪ್ಪಿಲ್ಲ. ನಿಮಗೆ ಅನ್ನ ಬಡಿಸಿ ಕಳಿಸಿದವಳ ಒಂದು ಹೆಸರು, ಅವಳ ತವರಿನ ಹೆಸರು, ಅಕ್ಷರ ತಪ್ಪದೆ ಬರೆಯಬಲ್ಲಿರಾ? ಮನೆಗೆ ಹೋಗಿ ಕೇಳಿ. ನಾಚಿಕೆಯಾದರೆ ಆಗಲಿ. ಕೇಳಿದ ಮೇಲೆ ಅವಳ ಮಾತು ಮುಗಿಯುವವರೆಗೆ ಬಾಯಿ ಹಾಕಬೇಡಿ. ನಾಳೆಯಿಂದ ಆ ಹೆಸರಿಟ್ಟೇ ಕರೆಯಿರಿ.

ತಾಯಂದಿರೇ, ನೀವು ನಗುವುದು ಬೇಡ. ಸುಮ್ಮನೆ ಕೂಡು ಅಂದಾಗ ಕೂತವರು ಯಾರು? ಮನೆಗೆ ಬಂದ ಆಶಾ ಕಾರ್ಯಕರ್ತೆ ಹೆಸರು ಕೇಳಿದರೂ 'ನಮ್ಮನಿಯವರನ್ನ ಕೇಳ್ರಿ' ಎನ್ನುತ್ತೀರಲ್ಲ, ನಿಮಗೆ ಏನು ಹೇಳಲಿ ನಾನು? ಕಾಗದ ನಿಮ್ಮ ಕೈಗೆ ತೆಗೆದುಕೊಳ್ಳಿ. ಓದಿ. ತಪ್ಪಿದ್ದರೆ ಗಟ್ಟಿಯಾಗಿ ಹೇಳಿ, ಎರಡನೇ ಸಲವೂ ಹೇಳಿ. ನಿಮ್ಮ ಸಂಕೋಚ ಮುಗಿಯುವವರೆಗೆ ಹೊಟ್ಟೆಯೊಳಗಿನ ಕೂಸು ಕಾಯುವುದಿಲ್ಲ.