ಬರಿಗಾಲಿನ ಹರಕೆ

ಮಾಗಿಯ ಮುಂಜಾನೆ ಗೋಕಾಕದ ಹೊರಗೆ, ಗುಡ್ಡದ ಬುಡದಲ್ಲಿ ನಾನು ಅಂಕಲಗಿಯ ಮೋಟಾರಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ವ್ಯಾಪಾರಸ್ಥ ಆಬಾಸಾಹೇಬರು ಬಾಳಪ್ಪನೆಂಬ ಆಳಿನೊಡನೆ ಗುಡ್ಡ ಹತ್ತುವ ದಾರಿ ಗೊತ್ತುಮಾಡುತ್ತಿದ್ದರು.

“ಸುತ್ತಿನ ದಾರಿ ಹಿಡಿಯೂಣ್ರಿ ಸಾಹೇಬ್ರ. ನೆಟ್ಟಗ ಏರೂ ದಾರ್ಯಾಗ ಇಬ್ಬನಿ ಬಿದ್ದು ಕಲ್ಲು ಜಾರತಾವ್ರಿ.”

“ಜಾರಲಿ ಬಿಡೋ. ತುದೀಮ್ಯಾಲಿನ ಬಸದಿಗೆ ಬರಿಗಾಲಿಲೆ ಬರತೇನಂತ ಹರಕಿ ಹೊತ್ತೇನಿ.”

“ಹ್ವಾದ ವರ್ಷ ಅಲ್ಲೇ ನಮ್ಮಣ್ಣನ ಕಾಲು ಮುರೀತ್ರಿ.”

“ಅಂಜಬುರುಕ! ತ್ರಾಸ ಪಡಲಾರದ ಹತ್ತಿದ್ರ ಪುಣ್ಯ ಹೆಂಗ ಬರತೈತಿ? ನೆಟ್ಟಗಿನ ದಾರೀನ ಆತು.”

“ನಿಮ್ಮ ಮರ್ಜಿರಿ,” ಎಂದ ಬಾಳಪ್ಪ ಜೊತೆಯವರನ್ನು ಕೂಗಿದ. ಅವರು ಡೋಲಿ ತಂದು ಇಳಿಸಿದರು. ಸಾಹೇಬರು ಭಕ್ತಿಯಿಂದ ಬೂಟು ಕಳಚಿ ಬಾಳಪ್ಪನ ಕೈಗೆ ಕೊಟ್ಟು, ಬರಿಗಾಲಿನಲ್ಲಿ ಡೋಲಿಯೊಳಗೆ ಕೂತರು. ನಾಲ್ವರು ಹೆಗಲು ಕೊಟ್ಟು ಏರತೊಡಗಿದರು.

ತಿರುವಿನಾಚೆಯಿಂದ ಸಾಹೇಬರ ದನಿ ಕೇಳಿಸಿತು: “ಜ್ವಾಕೀಲೆ ನಡೀರ್ಯೋ, ಕಲ್ಲು ಜಾರತಾವು!”